ಆರನೇ ಮಣಿ

ಮಗು ಅಮಾಯಾಗೆ ಏಳು ವಾರ ತುಂಬಿದ ದಿನ ಮ್ಯಾಂಡೆವಿಲ್‌ನ ಕ್ಲಿನಿಕ್ಕಿನಿಂದ ಫೋನು ಬಂತು. ಐವರೀನ್ ಊಟದ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿಕೊಂಡು ಶಾಲೆಯ ಯೂನಿಫಾರ್ಮ್ ಕತ್ತರಿಸುತ್ತಿದ್ದಳು. ಜುಲೈ ಬಂತೆಂದರೆ ನಮ್ಮ ಸೌತ್‌ಫೀಲ್ಡಿನ ಅರ್ಧ ಊರು ಅವಳ ಬಾಗಿಲಲ್ಲಿ ನಿಂತು, "ಮಿಸ್ ಐವಿ, ನನ್ನ ಮಗಳದ್ದು ಸ್ವಲ್ಪ ಉದ್ದಾನೇ ಇರ್ಲಿ, ಮುಂದಿನ ವರ್ಷಕ್ಕೂ ಆಗ್ಬೇಕು" ಅನ್ನುತ್ತಿರುತ್ತದೆ. ಅವತ್ತಿಗೆ ಹನ್ನೊಂದು ಯೂನಿಫಾರ್ಮ್ ಬಾಕಿ ಇತ್ತು.

ಫೋನು ತೆಗೆದುಕೊಂಡದ್ದು ಸೊಸೆ ಶರ್ನೆಟ್. ಹೂಂ, ಹೂಂ ಅಂದಳು, ಫೋನಿಟ್ಟಳು.

"ಏನಂತೆ?"

"ಹುಟ್ಟಿದಾಗ ಹಿಮ್ಮಡಿ ಚುಚ್ಚಿ ರಕ್ತ ತಗೊಂಡಿದ್ರಲ್ಲ ಮಿಸ್ ಐವಿ, ಅದರ ವರದಿ ಬಂದಿದೆಯಂತೆ. ಗುರುವಾರ ಮಗೂನ ಕರ್ಕೊಂಡು ಇಬ್ರೂ ಬನ್ನಿ ಅಂದ್ರು."

"ಎಲ್ಲಾ ಸರಿ ಇದ್ರೆ ಯಾರಾದ್ರೂ ಫೋನ್ ಮಾಡಿ ಕರೀತಾರಾ?" ಅಂದಳು ಐವರೀನ್. ಕತ್ತರಿ ಮಾತ್ರ ನಿಲ್ಲಲಿಲ್ಲ.

ಗುರುವಾರ ಶರ್ನೆಟ್ ಒಬ್ಬಳೇ ಹೋದಳು. ಗಂಡ ಲೆನ್‌ವರ್ತ್ ಟ್ಯಾಕ್ಸಿ ಓಡಿಸುತ್ತಾನೆ, ಬೆಳಗಿನ ಟ್ರಿಪ್ಪು ಬಿಟ್ಟರೆ ಆ ಪ್ರಯಾಣಿಕರು ನಾಳೆಯಿಂದ ಬೇರೆ ಕಾರು ಹತ್ತುತ್ತಾರೆ ಅಂದ. ಅವಳು ಮಧ್ಯಾಹ್ನ ವಾಪಸು ಬಂದು ಮಗುವನ್ನು ಮಲಗಿಸಿದಳು. ಸಂಜೆ ಎಲ್ಲರೂ ಊಟಕ್ಕೆ ಕೂತರು. ಉಪ್ಪುಮೀನು, ಬೇಯಿಸಿದ ಹಸಿ ಬಾಳೆಕಾಯಿ. ಮಾವ ಯೂಸ್ಟಸ್ ಮೇಜಿನ ತುದಿಯಲ್ಲಿ, ಐವರೀನ್ ಒಲೆಯ ಪಕ್ಕ, ಲೆನ್‌ವರ್ತನ ತಂಗಿ ಕೆರಿಯಾನ್ ಕೈಯಲ್ಲಿ ಫೋನು ಹಿಡಿದು. ಆಗ ಶರ್ನೆಟ್ ಹೇಳಿದಳು.

"ರಕ್ತದ ಸಿಕಲ್ ಕಾಯಿಲೆ ಅಂತೆ. ಎಸ್ ಸಿ ಅಂತ ಬರೆದಿದಾರೆ. ಎಸ್ ಅನ್ನೋದು ಒಬ್ಬರಿಂದ, ಸಿ ಅನ್ನೋದು ಇನ್ನೊಬ್ಬರಿಂದ. ಎಸ್ ನನ್ನಲ್ಲಿದೆ. ಅದು ಬಸುರಿಯಾದಾಗಲೇ ಗೊತ್ತಿತ್ತು. ಸಿ..." ಅವಳು ಗಂಡನ ಕಡೆ ನೋಡಿದಳು. "ನೀನು ಬಂದು ರಕ್ತ ಕೊಡ್ಬೇಕಂತೆ."

"ನಂದು ನೋಡಿ ಆಗಿದೆಯಲ್ಲ," ಅಂದ ಲೆನ್‌ವರ್ತ್. "ಆಗಲೇ ಕಾಗದ ತೋರಿಸಿದ್ನಲ್ಲ ನಿಂಗೆ."

"ನರ್ಸ್ ಹೇಳಿದ್ರು, ಆ ಕಾಗದ ಸಾಕಾಗಲ್ಲ ಅಂತ..."

ಅವಳ ಮಾತು ಮುಗಿಯುವ ಮೊದಲೇ ಅವನು ಎದ್ದು ಒಳಗಿಂದ ಪ್ಲಾಸ್ಟಿಕ್ ಫೈಲು ತಂದ. ಆರು ವರ್ಷದ ಹಿಂದೆ ಬಾಕ್ಸೈಟ್ ಗಣಿಯಲ್ಲಿ ಕೆಲಸಕ್ಕೆ ಸೇರುವಾಗ ಮಾಡಿಸಿದ ಪರೀಕ್ಷೆ. ಕೆಲಸ ಎರಡು ವರ್ಷಕ್ಕೆ ಹೋಯಿತು, ಕಾಗದ ಉಳಿದಿತ್ತು. ಬೆರಳಿಟ್ಟು ಓದಿದ: "ಸಿಕ್ಲಿಂಗ್ ಪರೀಕ್ಷೆ: ಇಲ್ಲ. ಓದಕ್ಕೆ ಬರತ್ತಾ? ಇಲ್ಲ! ನನ್ನಲ್ಲಿ ಇಲ್ಲದ್ದು ನನ್ನ ಮಗೂಗೆ ಎಲ್ಲಿಂದ ಬಂತು?"

ಶರ್ನೆಟ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಯೂಸ್ಟಸ್ ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟ. ಊಟದ ಹೊತ್ತಲ್ಲಿ ಅವನು ಮಾತಾಡುವುದು ಕಡಿಮೆ. "ಮನೇಲಿ ಇಲ್ಲದ್ದು ಬಂದಿದೆ ಅಂದ್ರೆ ಹೊರಗಿಂದ ಬಂದಿರ್ಬೇಕು," ಅಂದ. "ನಂಗೇನೂ ಆಶ್ಚರ್ಯ ಇಲ್ಲ. ಈ ಮನೇಲಿ ಇದೇ ಮೊದಲಲ್ಲ."

ಐವರೀನ್ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಕೆರಿಯಾನ್ ತಾಯಿಯ ಮುಖ ನೋಡಿದಳು, ತಂದೆಯ ಮುಖ ನೋಡಿದಳು. ಒಳಗೆ ಮಗು ಅಳಲು ಶುರುಮಾಡಿದ್ದರಿಂದ ಶರ್ನೆಟ್‌ಗೆ ಎದ್ದು ಹೋಗಲು ಒಂದು ನೆಪ ಸಿಕ್ಕಿತು.

ಮುಂದಿನ ವಾರವೆಲ್ಲ ಆ ಮನೆಯಲ್ಲಿ ಪಾತ್ರೆಗಳದೇ ಸದ್ದು. ಲೆನ್‌ವರ್ತ್ ಬೆಳಗ್ಗೆ ಗಂಜಿ ಕುಡಿಯದೆ ಹೋಗುತ್ತಿದ್ದ. ಶರ್ನೆಟ್ ಮಗುವಿಗೆ ಹಾಲು ಕೊಟ್ಟು, ಪೆನ್ಸಿಲಿನ್ ಕೊಟ್ಟು, ಬಟ್ಟೆ ಒಗೆಯಲು ಹಿತ್ತಲಿಗೆ ಹೋಗುತ್ತಿದ್ದಳು. ಐವರೀನ್ ಮೊದಮೊದಲು ಸುಮ್ಮನಿದ್ದಳು. ಆದರೆ ಮಗ ಹಸಿದು ಹೋಗುವುದನ್ನು ನೋಡಿ ನೋಡಿ ಶನಿವಾರ ತಡೆಯಲಾಗಲಿಲ್ಲ. ಒಗೆಯುವ ತೊಟ್ಟಿಯ ಹತ್ತಿರ ಹೋಗಿ ನಿಂತಳು.

"ನೋಡು, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ಏನಾದ್ರೂ ಇದ್ರೆ ಈಗಲೇ ಹೇಳ್ಬಿಡು."

"ಏನಿದ್ರೆ, ಮಿಸ್ ಐವಿ?"

"ನಿಂಗೇ ಗೊತ್ತು."

"ನಂಗೆ ಗೊತ್ತಿಲ್ಲ. ನೀವೇ ಬಾಯಿಬಿಟ್ಟು ಹೇಳಿ."

"ಮಗು ಲೆನಿದೇ ಅಲ್ವಾ?"

ಶರ್ನೆಟ್ ಕೈಯಲ್ಲಿದ್ದ ಲಂಗೋಟಿಯನ್ನು ಹಿಂಡಿದಳು, ಕೊಡವಿದಳು, ತಂತಿಗೆ ಹಾಕಿ ಎರಡು ಕ್ಲಿಪ್ಪು ಸಿಕ್ಕಿಸಿದಳು. ಆಮೇಲೆ ಹೇಳಿದಳು: "ಇದನ್ನ ಮಾವ ಮಾಸ್ ಯೂಸ್ಟಸ್ ಹೇಳಿದಾಗ ನಂಗೆ ಅಷ್ಟು ನೋವಾಗ್ಲಿಲ್ಲ. ನೀವು ಕೇಳ್ತೀರ ಅಂದ್ಕೊಂಡಿರ್ಲಿಲ್ಲ."

ಅವತ್ತೇ ಮಧ್ಯಾಹ್ನ ಮಗುವನ್ನೂ ಒಂದು ಚೀಲವನ್ನೂ ಎತ್ತಿಕೊಂಡು ಟ್ರೆಷರ್ ಬೀಚಿನಲ್ಲಿರುವ ಚಿಕ್ಕಮ್ಮ ಪರ್ಲೀನ್ ಮನೆಗೆ ಹೊರಟುಹೋದಳು. ಗಂಡನ ಟ್ಯಾಕ್ಸಿ ಹತ್ತಲಿಲ್ಲ, ಬೇರೆಯವರ ಕಾರಿನಲ್ಲಿ ಹೋದಳು. ಆ ರಸ್ತೆಯ ಡ್ರೈವರುಗಳಿಗೆಲ್ಲ ಸಂಜೆಯೊಳಗೆ ವಿಷಯ ಗೊತ್ತಾಯಿತು.

ಕೆರಿಯಾನ್‌ಗೆ ಹದಿನೆಂಟು. ಜೀವಶಾಸ್ತ್ರದ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಳು. ಅಲ್ಲಿಯವರೆಗೆ ತಾಯಿಗೆ ಗುಂಡಿ ಹೊಲಿದುಕೊಡುವುದು ಅವಳ ಕೆಲಸ. ಸೋಮವಾರ ಗುಂಡಿ ಹೊಲಿಯುತ್ತಾ ಅವಳೇ ಮಾತು ತೆಗೆದಳು.

"ಅಮ್ಮ, ನೀವೆಲ್ಲ ಸೇರಿ ತಪ್ಪು ಮಾಡಿದ್ರಿ."

"ನೀನು ಗುಂಡಿ ಹೊಲಿ."

"ಆ ಕಾಗದ ಏನು ಹೇಳತ್ತೆ ಅಂತ ಒಬ್ರಾದ್ರೂ ಸರಿಯಾಗಿ ಓದಿದ್ರಾ? ಅದು ಕೇಳಿರೋದು ಎಸ್ ಇದೆಯಾ ಅಂತ. ಎಸ್ ಇಲ್ಲ ಅಂದಿದೆ. ಸಿ ಬಗ್ಗೆ ಕೇಳೇ ಇಲ್ಲ."

ಐವರೀನ್ ಮಷಿನ್ನು ತುಳಿಯುವುದನ್ನು ನಿಲ್ಲಿಸಿದಳು. "ಎರಡೂ ಬೇರೆ ಬೇರೆನಾ?"

"ಬೇರೆ. ಆದ್ರೆ ಇರೋದು ಒಂದೇ ಜಾಗದಲ್ಲಿ. ಅದೇ ಮಜಾ."

"ಏನು ಮಜಾ? ಹೇಳೋದಾದ್ರೆ ನಂಗೆ ಅರ್ಥ ಆಗೋ ಹಾಗೆ ಹೇಳು."

ಕೆರಿಯಾನ್ ಸುತ್ತ ನೋಡಿದಳು. ಮಂಚದ ಕೆಳಗೆ ತಾಯಿಯ ತಗಡಿನ ಟ್ರಂಕು ಇತ್ತು. ಮೂವತ್ತು ವರ್ಷದ ಅಳತೆಯ ಕಾಗದಗಳೆಲ್ಲ ಅದರಲ್ಲೇ. "ನಿನ್ನ ಕಟಿಂಗ್ ಕಾಗದಗಳನ್ನ ಬಟ್ಟೆ ಮೇಲಿಟ್ಟು ನೇರವಾಗಿ ಕತ್ತರಿಸ್ತೀಯಾ?"

"ಹುಚ್ಚಾ ನಿಂಗೆ? ಬ್ರೌನ್ ಪೇಪರಿನ ಮೇಲೆ ನಕಲು ತಗೋತೀನಿ. ಮೂಲ ಕಾಗದ ಟ್ರಂಕಿಂದ ಆಚೆ ಬರಲ್ಲ."

"ಮೈಯೊಳಗೂ ಹಂಗೇ. ಒಂದೊಂದು ಜೀವಕಣದಲ್ಲೂ ಒಂದು ಟ್ರಂಕ್ ಅಂದ್ಕೋ. ಅದರಲ್ಲಿರೋ ಮೂಲ ಕಾಗದ ಡಿಎನ್‌ಎ. ಅದು ಆಚೆ ಬರಲ್ಲ, ಅದರ ನಕಲು ಆಚೆ ಹೋಗತ್ತೆ. ಹೊರಗೆ ಒಂದು ಮಷಿನ್ ಇದೆ. ಅದು ನಕಲನ್ನ ಮೂರು ಮೂರು ಅಕ್ಷರವಾಗಿ ಓದತ್ತೆ. ಮೂರು ಅಕ್ಷರಕ್ಕೆ ಒಂದು ಮಣಿ. ಓದ್ತಾ ಓದ್ತಾ ಮಣಿ ಪೋಣಿಸತ್ತೆ. ಆ ಸರವೇ ಪ್ರೊಟೀನ್."

"ಎಷ್ಟು ಅಕ್ಷರ ಇದೆ?"

"ನಾಲ್ಕೇ."

"ನಾಲ್ಕೇ?" ಐವರೀನ್ ಕನ್ನಡಕ ಹಣೆಗೇರಿಸಿದಳು. "ನಾಲ್ಕೇ ಅಕ್ಷರದಲ್ಲಿ ಕೂದಲು, ಉಗುರು, ನಿನ್ನ ಈ ಬಾಯಿ, ಎಲ್ಲಾ?"

"ಎಲ್ಲಾ. ರಕ್ತ ಕೆಂಪಾಗಿರೋದು ಹಿಮೋಗ್ಲೋಬಿನ್ ಇಂದ. ಅದರಲ್ಲಿರೋ ಒಂದು ಸರದಲ್ಲಿ ನೂರಾ ನಲವತ್ತಾರು ಮಣಿ."

"ಯಾರು ಎಣಿಸಿದ್ದು?"

"ಎಣಿಸಿದಾರಮ್ಮ, ನಾನಂತೂ ಅಲ್ಲ! ಅದರಲ್ಲಿ ಆರನೇ ಮಣಿ ಒಂದೇ ಒಂದು ಬದಲಾದ್ರೆ ಎಸ್. ಆಗ ರಕ್ತದ ಕಣಗಳು ಗುಂಡಗಿರದೆ ಕುಡುಗೋಲಿನ ಹಾಗೆ ಬಾಗಿ ರಕ್ತನಾಳದಲ್ಲಿ ಸಿಕ್ಕಿಹಾಕ್ಕೊಳ್ತವೆ, ನೋವು ಬರತ್ತೆ. ಅದೇ ಆರನೇ ಮಣಿ ಇನ್ನೊಂದು ಥರ ಬದಲಾದ್ರೆ ಸಿ. ಮೂಲ ಕಾಗದದಲ್ಲಿ ಒಂದೇ ಅಕ್ಷರದ ವ್ಯತ್ಯಾಸ."

ಒಂದು ವರ್ಷ ಐವರೀನಳ ಒಂಬತ್ತನೇ ನಂಬರಿನ ಕಾಗದದಲ್ಲಿ ತೋಳಿನ ಸುತ್ತಳತೆ ಅರ್ಧ ಇಂಚು ಕಡಿಮೆ ಬಿದ್ದು, ಹದಿನಾಲ್ಕು ಯೂನಿಫಾರ್ಮ್ ಹಾಳಾಗಿ, ಹದಿನಾಲ್ಕು ತಾಯಂದಿರು ಬಂದು ಬೈದಿದ್ದರು. "ಮೂಲದಲ್ಲೇ ತಪ್ಪಿದ್ರೆ ನಕಲು ಎಷ್ಟು ತೆಗೆದ್ರೂ ತಪ್ಪೇ," ಅಂದಳು. "ಆದ್ರೆ ಶರ್ನೆಟ್‌ಗೂ ಎಸ್ ಇದೆಯಲ್ಲ. ಅವಳಿಗೆ ಯಾಕೆ ಏನೂ ಆಗಿಲ್ಲ?"

"ಎಲ್ಲರ ಹತ್ರಾನೂ ಎರಡೆರಡು ಕಾಗದ ಇರತ್ತೆ. ಒಂದು ಅಮ್ಮ ಕೊಟ್ಟಿದ್ದು, ಒಂದು ಅಪ್ಪ ಕೊಟ್ಟಿದ್ದು. ಅವಳದು ಒಂದು ಸರಿ ಇದೆ, ಒಂದು ತಪ್ಪಿದೆ. ಸರಿ ಇರೋದು ಕೆಲಸ ನಡೆಸತ್ತೆ. ಮಗೂಗೆ ಕೊಡುವಾಗ ಎರಡರಲ್ಲಿ ಒಂದನ್ನ ಮಾತ್ರ ಕೊಡ್ತೀವಿ. ಯಾವುದು ಅಂತ ನಮ್ಮ ಕೈಲಿಲ್ಲ." ಅವಳು ಡಬ್ಬಿಯಿಂದ ಬಿಳಿ, ಕೆಂಪು, ನೀಲಿ ಗುಂಡಿ ತೆಗೆದಳು. "ಬಿಳಿ ಸರಿಯಾದ್ದು. ಶರ್ನೆಟ್ ಕೈಲಿ ಬಿಳಿ, ಕೆಂಪು. ಲೆನಿ ಕೈಲಿ ಬಿಳಿ, ನೀಲಿ ಅಂದ್ಕೋ. ಕಣ್ಣು ಮುಚ್ಚಿ ಒಬ್ಬೊಬ್ಬರ ಕೈಯಿಂದ ಒಂದೊಂದು ತೆಗಿ."

ಐವರೀನ್ ನಿಜವಾಗಿಯೂ ಕಣ್ಣು ಮುಚ್ಚಿ ತೆಗೆದಳು. ಬಿಳಿ, ಬಿಳಿ. ಮತ್ತೆ ತೆಗೆದಳು. ಬಿಳಿ, ನೀಲಿ. ಐದನೇ ಸಲ ಕೆಂಪು, ನೀಲಿ ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಇದು ನಮ್ಮ ಅಮಾಯಾ."

"ಹೂಂ. ನಾಲ್ಕರಲ್ಲಿ ಒಂದು ಸಲ."

"ಹಾಗಾದ್ರೆ ಲೆನಿಗೆ ಈ ನೀಲಿ ಎಲ್ಲಿಂದ ಬಂತು?"

"ನಿನ್ನಿಂದ ಬಂದಿರ್ಬೇಕು, ಇಲ್ಲಾಂದ್ರೆ ಅಪ್ಪನಿಂದ."

ಐವರೀನ್ ಗುಂಡಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ನಾಳೆ ನಾವು ಮ್ಯಾಂಡೆವಿಲ್‌ಗೆ ಹೋಗ್ತಾ ಇದೀವಿ," ಅಂದಳು.

ಮರುದಿನ ಏಳು ಗಂಟೆಗೆ ಲೆನ್‌ವರ್ತನ ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಅವನ ತಾಯಿ ಬಂದು ಕೂತಳು. ಚರ್ಚಿಗೆ ಹಾಕುವ ಟೋಪಿ, ಕೈಯಲ್ಲಿ ಬಾಡಿಗೆ ಹಣ.

"ಅಮ್ಮ, ದುಡ್ಡು ಯಾಕೆ? ಎಲ್ಲಿಗೆ?"

"ನಾನು ಪ್ರಯಾಣಿಕಳು. ಕ್ಲಿನಿಕ್ಕಿಗೆ ಬಿಡು."

ಹಿಂದಿನ ಸೀಟಿನಲ್ಲಿ ಸಂತೆಗೆ ಹೊರಟ ಇಬ್ಬರು ಹೆಂಗಸರು, ಅವರ ಮಧ್ಯೆ ಸಿಕ್ಕಿಕೊಂಡ ಕೆರಿಯಾನ್. ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದಾಗ ಐವರೀನ್ ಇಳಿಯಲಿಲ್ಲ.

"ನೀನೂ ಬಾ."

"ನಂಗೆ ವಾಪಸ್ ಟ್ರಿಪ್ ಇದೆ."

"ನಿನ್ನ ವಾಪಸ್ ಟ್ರಿಪ್ಪಿನ ನಾಲ್ಕೂ ಸೀಟಿಗೆ ನಾನೇ ಕೊಡ್ತೀನಿ. ಸೂಜಿಗೆ ಹೆದರ್ತೀಯಾ, ಇಲ್ಲಾ ಉತ್ತರಕ್ಕಾ?"

ಸಂತೆಯ ಹೆಂಗಸರಲ್ಲಿ ಒಬ್ಬಳು, "ಹೋಗಪ್ಪಾ ಹೋಗು, ನಾವು ನಡ್ಕೊಂಡೇ ಹೋಗ್ತೀವಿ," ಅಂದಳು. ಇನ್ನೊಬ್ಬಳು ನಕ್ಕಳು. ಲೆನ್‌ವರ್ತ್ ಎಂಜಿನ್ ಆರಿಸಿದ.

ನರ್ಸ್ ಬ್ರಿಸೆಟ್ ಐವತ್ತು ದಾಟಿದ ಹೆಂಗಸು, ಮಾತು ನಿಧಾನ. ಲೆನ್‌ವರ್ತನ ಹಳೆಯ ಕಾಗದ ನೋಡಿ ಮಡಿಸಿ ವಾಪಸು ಕೊಟ್ಟಳು. "ಇದನ್ನ ಮಾಡಿದವರದ್ದು ತಪ್ಪೇನಿಲ್ಲ. ಇದು ಎಸ್ ಮಾತ್ರ ಹಿಡಿಯೋ ಪರೀಕ್ಷೆ. ಸಿ ಇದರ ಕಣ್ಣಿಗೆ ಬೀಳಲ್ಲ. ನಿನ್ನ ಹೆಂಡತಿಗೆ ನಾನು ಇದನ್ನೇ ಹೇಳಿ ಕಳಿಸಿದ್ದೆ. ಹೇಳ್ಲಿಲ್ವಾ?"

"ಹೇಳಿದ್ಲು," ಅಂದ ಲೆನ್‌ವರ್ತ್. ಕಾಗದವನ್ನು ಜೇಬಿಗೆ ತುರುಕುತ್ತಾ, "ನಾನು ಪೂರ್ತಿ ಕೇಳ್ಲಿಲ್ಲ," ಅಂದ.

ತಾಯಿ, ಮಗ ಇಬ್ಬರ ರಕ್ತವನ್ನೂ ತೆಗೆದದ್ದಾಯಿತು. ಐವರೀನ್‌ಗೆ ಮಾತ್ರ ಕುರ್ಚಿ ಬಿಟ್ಟು ಏಳುವ ಮನಸ್ಸಿಲ್ಲ. "ನರ್ಸ್, ಒಂದು ಕೇಳ್ಲಾ? ಇಷ್ಟು ಕೆಟ್ಟ ತಪ್ಪು ಇಷ್ಟು ಜನರಲ್ಲಿ ಹೇಗೆ ಉಳೀತು? ತಪ್ಪಿರೋ ಕಾಗದಾನ ನಾನಾದ್ರೆ ಹರಿದು ಒಲೆಗೆ ಹಾಕ್ತೀನಿ."

ನರ್ಸ್ ನಕ್ಕಳು. "ಎಲ್ಲರೂ ಔಷಧಿ ಕೇಳ್ತಾರೆ, ನೀವು ಇದನ್ನ ಕೇಳ್ತೀರ. ನಮ್ಮ ಅಜ್ಜ ಮುತ್ತಜ್ಜಂದಿರು ಆಫ್ರಿಕಾದಿಂದ ಬಂದವರಲ್ವಾ. ಅಲ್ಲಿ ಮಲೇರಿಯಾ ಮಕ್ಕಳನ್ನ ಸಾಲುಸಾಲಾಗಿ ಕೊಲ್ತಿತ್ತು. ಒಂದು ಸರಿ ಕಾಗದ, ಒಂದು ಎಸ್ ಕಾಗದ ಇದ್ದ ಮಕ್ಕಳು ಬದುಕಿದ್ರು. ಸಿ ಕೂಡ ಸ್ವಲ್ಪ ಕಾಪಾಡ್ತಿತ್ತು. ಬದುಕಿದವರಿಗೆ ಮಕ್ಕಳಾದ್ರು. ಅವರು ಹಡಗಿನಲ್ಲಿ ಇಲ್ಲಿಗೆ ಬಂದ್ರು. ಮಲೇರಿಯಾ ಇಲ್ಲಿಂದ ಹೋಯ್ತು, ಕಾಗದ ಉಳೀತು."

"ಅಂದ್ರೆ ತಪ್ಪಲ್ಲ, ಉಪಾಯ."

"ಎರಡೂ."

ಐವರೀನ್ ಇದನ್ನು ಎರಡು ವಾರ ಊರಿಗೆಲ್ಲ ಹೇಳಿದಳು. ಯೂನಿಫಾರ್ಮಿನ ಅಳತೆ ಕೊಡಲು ಬಂದವರನ್ನು ನಿಲ್ಲಿಸಿ ಹೇಳಿದಳು. ಪಾದ್ರಿಗೆ ಹೇಳಿದಳು. ಗಂಡನಿಗೊಬ್ಬನಿಗೇ ಹೇಳಲಿಲ್ಲ.

ಆಗಸ್ಟ್ ಎರಡನೇ ವಾರ ವರದಿ ಬಂತು. ಲೆನ್‌ವರ್ತನದು ಎ ಸಿ. ಬಿಳಿ, ನೀಲಿ. ಐವರೀನಳದು ಎ ಎ. ಎರಡೂ ಬಿಳಿ.

ಲೆನ್‌ವರ್ತ್ ತನ್ನ ವರದಿಯನ್ನು ಮೂರು ಸಲ ಓದಿದ. ಸ್ಟೀರಿಂಗಿಗೆ ಹಣೆ ಹಚ್ಚಿ ಕೂತ. ಆಮೇಲೆ, "ನಾನು ಟ್ರೆಷರ್ ಬೀಚಿಗೆ ಹೋಗ್ತೀನಿ," ಅಂದ.

"ನಾನೂ ಬರ್ತೀನಿ."

"ನೀನ್ಯಾಕಮ್ಮ?"

"ನೀನು ಹೇಳಿದ್ದು ಮೇಜಿನ ಮುಂದೆ. ನಾನು ಹೇಳಿದ್ದು ಅವಳ ಮುಖಕ್ಕೆ."

ದಾರಿಯಲ್ಲಿ ಕೆಂಪು ಮಣ್ಣಿನ ಹೊಲಗಳು, ಕಲ್ಲಂಗಡಿ ರಾಶಿಗಳು. ಲೆನ್‌ವರ್ತ್ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದ: "ಅಮ್ಮ, ನಿನ್ನಲ್ಲಿ ಸಿ ಇಲ್ಲ. ಹಾಗಾದ್ರೆ ಅಪ್ಪನಿಂದಲೇ ಬಂದಿರ್ಬೇಕು ಅಲ್ವಾ?"

"ಹೂಂ."

"ಅವತ್ತು ಊಟದಲ್ಲಿ ಅಪ್ಪ ಹೇಳಿದ್ದು ನನ್ನ ಬಗ್ಗೆ ಅಲ್ವಾ? ಇದೇ ಮೊದಲಲ್ಲ ಅಂದಿದ್ದು."

ಐವರೀನ್ ಕಿಟಕಿಯ ಗಾಜು ಇಳಿಸಿದಳು.

"ಕೆರಿಯಾನ್‌ಳನ್ನ 'ಮಗಳೇ' ಅಂತ ಕರೀತಾನೆ. ನನ್ನನ್ನ ಮಗ ಅಂತ ಕರೆದಿದ್ದು ನಂಗೆ ನೆನಪೇ ಇಲ್ಲ. 'ಐವಿಯ ಹುಡುಗ' ಅಂತಾನೆ."

"ಗಾಡಿ ಓಡಿಸು," ಅಂದಳು ಐವರೀನ್.

ಪರ್ಲೀನ್ ಚಿಕ್ಕಮ್ಮ ಅಂಗಳದಲ್ಲಿ ಮೀನು ಉಜ್ಜುತ್ತಿದ್ದಳು. ಬಂದವರನ್ನು ನೋಡಿ ಎದ್ದು ನಿಲ್ಲಲಿಲ್ಲ, ಕೂರಲೂ ಹೇಳಲಿಲ್ಲ. "ಏನು, ರಕ್ತ ಮಾತಾಡ್ತಾ?" ಅಂದಳು. ಶರ್ನೆಟ್ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು.

ಲೆನ್‌ವರ್ತ್ ಕಾಗದ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ.

"ನಂಗೆ ಅದನ್ನ ಓದೋ ಅವಶ್ಯಕತೆ ಇಲ್ಲ. ಅದರಲ್ಲಿ ಏನಿದೆ ಅಂತ ನಂಗೆ ಮೊದಲಿಂದ ಗೊತ್ತು. ನಿನ್ನ ಬಾಯಲ್ಲಿ ಏನಿದೆ ಹೇಳು."

"ತಪ್ಪಾಯ್ತು. ಕಾಗದಾನ ನಂಬಿದೆ, ನಿನ್ನ ನಂಬ್ಲಿಲ್ಲ."

"ಈಗಲೂ ಕಾಗದ ನಂಬ್ಕೊಂಡೇ ಬಂದಿದೀಯ."

ಅವನು ಕಾಗದ ಮಡಿಸಿ ಜೇಬಿಗಿಟ್ಟ. ಆಗ ಐವರೀನ್ ಮುಂದೆ ಬಂದು, ಮೀನಿನ ಬಕೆಟ್ಟಿನ ಪಕ್ಕದ ಕಲ್ಲಿನ ಮೇಲೆ ತಾನೇ ಕೂತಳು.

"ಶರ್ನೆಟ್, ಒಂದು ವಿಷಯ ಹೇಳ್ತೀನಿ. ನನ್ನ ಮಕ್ಕಳಿಗೂ ಹೇಳಿಲ್ಲ. ಯೂಸ್ಟಸ್ ಫ್ಲೋರಿಡಾಕ್ಕೆ ಕಬ್ಬು ಕಡಿಯೋಕೆ ಹೋಗಿದ್ದ. ಏಪ್ರಿಲ್ ಇಪ್ಪತ್ತಕ್ಕೆ ವಾಪಸ್ ಬಂದ. ಡಿಸೆಂಬರ್ ಹತ್ತಕ್ಕೆ ಇವನು ಹುಟ್ಟಿದ. ದಿನ ತುಂಬಿರ್ಲಿಲ್ಲ. ನಾಲ್ಕು ಪೌಂಡೂ ಇರ್ಲಿಲ್ಲ, ಬೂಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದ್ದೆ. ಯೂಸ್ಟಸ್ ಬೆರಳಲ್ಲಿ ತಿಂಗಳು ಎಣಿಸಿದ. ಎಂಟೂ ಆಗ್ಲಿಲ್ಲ ಅಂದ. ನನ್ನನ್ನ ಏನೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಹೋಗಿ ವಾಸೆಲ್‌ನ ಅಂಗಡಿಯಲ್ಲಿ ಕುಡಿದು ಎಲ್ಲರ ಮುಂದೆ ಹೇಳ್ದ, ಅದು ತನ್ನದಲ್ಲ ಅಂತ. ಮೂವತ್ತು ವರ್ಷ ನಾನು ಆ ಅಂಗಡಿ ಮುಂದೆ ತಲೆ ಎತ್ಕೊಂಡೇ ನಡೆದೆ. ಎಷ್ಟು ಕಷ್ಟ ಅಂತ ನಂಗೊಬ್ಬಳಿಗೇ ಗೊತ್ತು. ಅದೆಲ್ಲ ಗೊತ್ತಿದ್ದೂ ನಿನ್ನ ಹತ್ರ ಬಂದು ಅದೇ ಪ್ರಶ್ನೆ ಕೇಳಿದೆ. ನಂಗೆ ಕ್ಷಮೆ ಇಲ್ಲ. ಆದ್ರೂ ಕೇಳ್ತಾ ಇದೀನಿ."

ಪರ್ಲೀನ್ ಮೀನು ಉಜ್ಜುವುದನ್ನು ನಿಲ್ಲಿಸಿದ್ದಳು. ಲೆನ್‌ವರ್ತ್ ತಾಯಿಯನ್ನು ನೋಡುತ್ತಾ ನಿಂತಿದ್ದ. ಶರ್ನೆಟ್ ಮಗುವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದಳು. ಆಮೇಲೆ ಕೆಳಗೆ ಬಂದು ಮಗುವನ್ನು ಐವರೀನ್ ಮಡಿಲಲ್ಲಿಟ್ಟಳು.

"ಇವತ್ತೇ ಬರಲ್ಲ," ಅಂದಳು ಗಂಡನಿಗೆ. "ಶನಿವಾರ ಬಾ. ಖಾಲಿ ಕಾರಲ್ಲಿ ಬಾ, ದಾರೀಲಿ ಜನ ಹತ್ತಿಸ್ಕೊಂಡು ಬರ್ಬೇಡ."

ಮನೆಯಲ್ಲಿ ಐವರೀನ್ ಮಕ್ಕಳಿಬ್ಬರಿಗೂ ಒಂದೇ ಮಾತು ಹೇಳಿದಳು. "ನಿಮ್ಮಪ್ಪನ್ನ ಯಾರೂ ರಕ್ತ ಕೊಡು ಅಂತ ಕೇಳ್ಬಾರ್ದು. ನನ್ನ ವರದಿ ಫ್ರಿಜ್ಜಿನ ಬಾಗಿಲ ಮೇಲಿರತ್ತೆ. ಲೆನಿದೂ ಅಲ್ಲೇ ಇರತ್ತೆ. ಅಷ್ಟೇ."

ಎರಡು ಕಾಗದಗಳೂ ಅಕ್ಕಪಕ್ಕ, ಎರಡು ಅಯಸ್ಕಾಂತಗಳ ಕೆಳಗೆ ನಿಂತವು. ತಣ್ಣೀರು ಬೇಕೆಂದಾಗಲೆಲ್ಲ ಯೂಸ್ಟಸ್ ಅವುಗಳ ಮುಂದೆ ನಿಲ್ಲಬೇಕು. ಮೊದಲ ದಿನ ನೋಡದವನಂತೆ ಬಾಟಲಿ ತೆಗೆದುಕೊಂಡ. ಎರಡನೇ ದಿನ ಕನ್ನಡಕ ಹಾಕಿಕೊಂಡು ಬಂದ. ಮೂರನೇ ದಿನ ಈರುಳ್ಳಿ ಮಡಿಯಲ್ಲಿ ಕಳೆ ಕೀಳುವಾಗ ಮಗಳನ್ನು ಕೇಳಿದ.

"ಆ ಸಿ ಅನ್ನೋದು ಎಷ್ಟು ಜನಕ್ಕಿರತ್ತೆ?"

"ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನಕ್ಕೆ."

"ಕಡಿಮೆ."

"ಕಡಿಮೆನೇ."

"ಅಮ್ಮನಿಗೆ ಇಲ್ಲದೆ ಮಗನಿಗೆ ಹಾಗೇ ತಾನಾಗಿ ಹುಟ್ಟಲ್ವಾ?"

"ತೀರಾ ಅಪರೂಪ ಅಪ್ಪ. ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ."

ಅವನು ಒಂದಿಷ್ಟು ಕಳೆ ಕಿತ್ತು ಮಣ್ಣು ಕೊಡವಿದ. ಶುಕ್ರವಾರ ಬಿಳಿ ಅಂಗಿ ಹಾಕಿಕೊಂಡು, ಬ್ಯಾಂಕಿನಲ್ಲಿ ಕೆಲಸ ಇದೆ ಅಂತ ಹೇಳಿ ಬಸ್ಸು ಹತ್ತಿದ. ಸಂಜೆ ಬಂದಾಗ ಮೊಣಕೈಯ ಮಡಿಕೆಯಲ್ಲಿ ಹತ್ತಿಯ ಮೇಲೆ ಅಂಟುಪಟ್ಟಿ ಇತ್ತು. ಕೆರಿಯಾನ್ ನೋಡಿದಳು, ತಾಯಿಗೂ ತೋರಿಸಿದಳು. ಐವರೀನ್ ನೆರಿಗೆಗೆ ಇಸ್ತ್ರಿ ಹಾಕುತ್ತಿದ್ದವಳು, "ಬ್ಯಾಂಕಿನವರು ಈಗ ರಕ್ತಾನೂ ತಗೋತಾರೆ," ಅಂದಳು.

ಶನಿವಾರ ಶರ್ನೆಟ್ ವಾಪಸು ಬಂದಳು. ಯೂಸ್ಟಸ್ ಅವಳಿಗೆ ಮುಖ ಕೊಡಲಾರದೆ ಸೂಪಿನ ಬಟ್ಟಲು ಎತ್ತಿಕೊಂಡು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ತಿಂದ. ಮುಂದಿನ ಎರಡು ವಾರ ಅವನ ಊಟವೆಲ್ಲ ಅಲ್ಲೇ. ಕೆರಿಯಾನ್‌ಳ ಪರೀಕ್ಷೆಯ ಫಲಿತಾಂಶವೂ ಅದೇ ಹೊತ್ತಿಗೆ ಬಂತು, ಜೀವಶಾಸ್ತ್ರದಲ್ಲಿ ಮೊದಲ ದರ್ಜೆ. ಲೆನ್‌ವರ್ತ್ ಕಾರಿನ ಹಾರನ್ನು ಒತ್ತಿಕೊಂಡೇ ಮನೆಗೆ ಬಂದ.

ಸೆಪ್ಟೆಂಬರಿನ ಮೊದಲ ವಾರ ಯೂನಿಫಾರ್ಮುಗಳೆಲ್ಲ ಹೋಗಿ ಮೇಜು ಖಾಲಿಯಾಗಿತ್ತು. ಐವರೀನ್ ದಿಂಬಿನ ಚೀಲ ಹೊಲಿಯುತ್ತಿದ್ದಳು. ಯೂಸ್ಟಸ್ ಬಂದು ಒಂದು ಲಕೋಟೆಯನ್ನು ಮಷಿನ್ನಿನ ಮೇಲಿಟ್ಟ. ಅವಳು ತೆಗೆದು ಓದಿದಳು. ಎ ಸಿ.

"ಐವಿ..." ಅಂದ.

"ನೂರಕ್ಕೆ ಮೂರು ನಾಲ್ಕು ಜನಕ್ಕೆ ಇದು ಇರತ್ತೆ," ಅಂದಳು ಅವಳು. "ಇದೊಂದರಿಂದ ಏನೂ ಪೂರ್ತಿ ಸಾಬೀತಾಗಲ್ಲ. ನರ್ಸ್ ಹೇಳಿದಾಳೆ. ಅಪ್ಪ ಯಾರು ಅಂತ ಖಡಾಖಂಡಿತವಾಗಿ ಹೇಳೋಕೆ ಇನ್ನೊಂದು ಪರೀಕ್ಷೆ ಇದೆಯಂತೆ, ಕೆನ್ನೆ ಒಳಗೆ ಹತ್ತಿ ಆಡಿಸಿದ್ರೆ ಸಾಕಂತೆ. ಮಾಡಿಸ್ತೀಯಾ?"

"ಬೇಡ."

"ಯಾಕೆ ಬೇಡ? ಇದನ್ನ ಮಾಡಿಸಿದ್ದೀಯಲ್ಲ."

"ಇದು ನಿಂಗೋಸ್ಕರ ಅಲ್ಲ, ಐವಿ. ಆ ಎರಡು ಕಾಗದದ ಮುಂದೆ ನಿಂತು ನಿಂತು ಸಾಕಾಯ್ತು. ಮೂರನೇ ಕಾಗದ ನಂದಾ, ಬೇರೆಯವರದಾ ಅಂತ ನಂಗೇ ಗೊತ್ತಾಗ್ಬೇಕಿತ್ತು."

"ಈಗ ಗೊತ್ತಾಯ್ತಾ?"

"ಗೊತ್ತಾಯ್ತು. ನಾನು ದೊಡ್ಡ ತಪ್ಪು ಮಾಡಿದೆ."

ಐವರೀನ್ ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿ ಅವನ ಕೈಗೇ ಕೊಟ್ಟಳು. "ನನ್ನ ಹತ್ರ ಹೇಳಿ ಏನುಪಯೋಗ? ನಂಗೆ ಮೊದಲೇ ಗೊತ್ತಿತ್ತಲ್ಲ. ಯಾರ ಮುಂದೆ ಹೇಳಿದ್ಯೋ ಅವರ ಮುಂದೆ ಹೋಗಿ ಹೇಳು."

"ಅವರಲ್ಲಿ ಅರ್ಧ ಜನ ಸತ್ತಿದಾರೆ."

"ಉಳಿದ ಅರ್ಧಕ್ಕೆ ಹೇಳು."

ಆ ಉಳಿದ ಅರ್ಧದಲ್ಲಿ ನಾನೂ ಒಬ್ಬ. ಮರುದಿನ ಸಂಜೆ ಐದರ ಹೊತ್ತಿಗೆ ನಾವು ನಾಲ್ವರು ವಾಸೆಲ್‌ನ ಅಂಗಡಿಯ ಮುಂದೆ ಡಾಮಿನೋ ಆಡುತ್ತಿದ್ದೆವು. ಯೂಸ್ಟಸ್ ಬಂದು ನಿಂತ. ಅವನು ಕುಡಿದಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾರೋ ಸತ್ತ ಸುದ್ದಿ ತಂದಿದ್ದಾನೆ ಅಂದುಕೊಂಡೆವು.

"ಒಂದು ಮಾತು," ಅಂದ. "ಮೂವತ್ತು ವರ್ಷದ ಹಿಂದೆ ಇಲ್ಲಿ ನಿಂತು ಐವಿ ಬಗ್ಗೆ ಒಂದು ಮಾತು ಹೇಳಿದ್ದೆ. ನೆನಪಿದೆಯಾ?"

ನಮಗೆಲ್ಲ ನೆನಪಿತ್ತು. ಯಾರೂ ಹೌದು ಅನ್ನಲಿಲ್ಲ.

"ಅದು ಸುಳ್ಳು. ಲೆನ್‌ವರ್ತ್ ನನ್ನ ಮಗ. ಐವಿ ಯಾವ ತಪ್ಪೂ ಮಾಡಿಲ್ಲ. ತಪ್ಪು ಮಾಡಿದ್ದು ನಾನು."

ಮುದುಕ ವಾಸೆಲ್ ಒಳಗಿಂದ ಕೂಗಿದ: "ಮಾಸ್ ಯೂಸ್ಟಸ್, ನಿನ್ನ ಮಗ ನಿನ್ನ ಥರಾನೇ ಪಾದ ಹೊರಕ್ಕೆ ತಿರುಗಿಸ್ಕೊಂಡು ನಡೀತಾನೆ. ನಮಗೆಲ್ಲ ಕಣ್ಣಿತ್ತಪ್ಪಾ!"

"ಹಾಗಾದ್ರೆ ಯಾಕೋ ಒಬ್ರೂ ಬಾಯಿ ಬಿಡ್ಲಿಲ್ಲ?" ಅಂದ ಯೂಸ್ಟಸ್.

ಅವನು ಟೋಪಿ ಹಾಕಿಕೊಂಡು ಹೊರಟುಹೋದ. ನಾವು ಆಟ ಮುಗಿಸಲಿಲ್ಲ.

ಮುಂದಿನದನ್ನು ನನಗೆ ಹೇಳಿದವಳು ಕೆರಿಯಾನ್. ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತಿದ್ದರಂತೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಂಪು ಬೀನ್ಸ್ ಅನ್ನ, ಕೋಳಿ, ಸುಟ್ಟ ಜೀಗುಜ್ಜೆ. ಯೂಸ್ಟಸ್ ತನ್ನ ತಟ್ಟೆ ಎತ್ತಿಕೊಂಡು ಹಿತ್ತಲ ಕಡೆ ಹೊರಟಾಗ ಲೆನ್‌ವರ್ತ್, "ಇಲ್ಲೇ ಕೂತ್ಕೋ ಅಪ್ಪ," ಅಂದನಂತೆ. ಕೂತ. ಊಟವಾದ ಮೇಲೆ ಶರ್ನೆಟ್ ಮಗುವನ್ನು ಮಂಚದ ಮೇಲೆ ಅಂಗಾತ ಮಲಗಿಸಿ ಎಲ್ಲರನ್ನೂ ಕರೆದಳು. ಇಂಥ ಮಕ್ಕಳಿಗೆ ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ ಇದ್ದಕ್ಕಿದ್ದ ಹಾಗೆ ಊದಿಕೊಳ್ಳಬಹುದು, ದಿನಾ ಕೈಯಿಟ್ಟು ನೋಡಬೇಕು, ಮನೆಯವರೆಲ್ಲರಿಗೂ ಗೊತ್ತಿರಬೇಕು ಅಂತ ನರ್ಸ್ ಹೇಳಿದ್ದಳು. ಮೊದಲು ಲೆನ್‌ವರ್ತ್ ನೋಡಿದ, ಆಮೇಲೆ ಐವರೀನ್, ಕೆರಿಯಾನ್. ಯೂಸ್ಟಸ್ ಬಾಗಿಲ ಹತ್ತಿರವೇ ನಿಂತಿದ್ದ.

"ನೀವೂ ಬನ್ನಿ, ಮಾಸ್ ಯೂಸ್ಟಸ್," ಅಂದಳು ಶರ್ನೆಟ್.

"ನನ್ನ ಕೈ ಒರಟು."

"ಪರವಾಗಿಲ್ಲ, ಅವಳೇನೂ ಅನ್ನಲ್ಲ."

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಬಂದು ಬಗ್ಗಿದ. ಶರ್ನೆಟ್ ಅವನ ಎರಡು ಬೆರಳು ಹಿಡಿದು ಸರಿಯಾದ ಜಾಗಕ್ಕಿಟ್ಟಳು. ಮೆಲ್ಲಗೆ ಒತ್ತಲು ಹೇಳಿದಳು. ಮಗು ಕಾಲು ಝಾಡಿಸಿತು. ಅವನು ಬೆರಳನ್ನು ಒಂದಿಷ್ಟೇ ಸರಿಸಿ, ಮತ್ತೆ ಹುಡುಕಿದ.

"ಏನೂ ಸಿಗ್ತಾ ಇಲ್ಲ," ಅಂದ, ಹೆದರಿ.

"ಸಿಗ್ಬಾರ್ದು," ಅಂದಳು ಶರ್ನೆಟ್. "ಸಿಗದೆ ಇದ್ರೇ ಒಳ್ಳೇದು. ನಾಳೆ ಬೆಳಗ್ಗೆ ನೀವೇ ನೋಡಿ."